ಮಿಂಗ್ ಫಿರಂಗಿಯೋ, ಚಿಂಗ್ ದಂಡಯಾತ್ರೆಯೋ?

ಚೀನಾದ ಅರಸೊತ್ತಿಗೆಗಳ ಯುದ್ಧ ಇತಿಹಾಸ ಓದಬೇಕೆನ್ನುವವರು ಸಾಮಾನ್ಯವಾಗಿ ಮಿಂಗ್, ಚಿಂಗ್ ಎಂಬ ಎರಡು ರಾಜವಂಶಗಳ ನಡುವೆ ತಡವರಿಸುತ್ತಾರೆ. ಚೀನೀಯರಿಗೆ ಯುದ್ಧವೆಂದರೆ ತಾತ್ಸಾರ ಎಂಬ ಹಳೇ ಮಾತನ್ನು ಎರಡೂ ಕಡೆಯ ಸಂಶೋಧಕರು ಮೂಲೆಗೆ ಸರಿಸಿದ್ದಾರೆ.

ಮಿಂಗ್ (1368–1644) ಕಡೆ ಚರ್ಚೆಯೆಲ್ಲ ಸಿಡಿಮದ್ದಿನ ಸುತ್ತ: ಚೀನಾ ಯುರೋಪಿಗಿಂತ ಹಿಂದೆ ಬಿದ್ದದ್ದು ಯಾವಾಗ, ನಿಜಕ್ಕೂ ಬಿದ್ದಿತ್ತೇ? 1592–98ರ ಕೊರಿಯಾ ಯುದ್ಧದಲ್ಲಿ ಮಿಂಗ್ ಫಿರಂಗಿಗೆ ಜಪಾನಿ ಕೋವಿ ಎದುರಾಯಿತು. ಕವಾಯತಿನ ಕೈಪಿಡಿಗಳಂತೂ ಓದಲು ಮಜಾ. ಸೇನಾನಿ ಚಿ ಜಿಗುವಾಂಗ್ ಕಟ್ಟಿದ ತುಕಡಿಯಲ್ಲಿ ಅಡುಗೆಯವನೂ ಸೇರಿ 12 ಜನ. ಕೊಂಬೆ ಕಡಿಯದ ಉದ್ದನೆಯ ಬಿದಿರೂ ಅಲ್ಲಿ ಆಯುಧವೇ!

ಚಿಂಗ್ (1644–1912) ಕಡೆ ಶೌರ್ಯಕ್ಕಿಂತ ಲೆಕ್ಕಪತ್ರವೇ ಮುಖ್ಯ. 1755–59ರಲ್ಲಿ ಮಧ್ಯ ಏಷ್ಯಾದ ಮಂಗೋಲರಾದ ಜುಂಗಾರರನ್ನು ಸೋಲಿಸಲು ಮರುಭೂಮಿಯಾಚೆಗೆ ಧಾನ್ಯ, ಕುದುರೆ ಸಾಗಿಸಿದ್ದು ಹೇಗೆ ಎಂಬುದೇ ಕಥೆ. ಆದರೆ ಚೀನೀ ಭಾಷೆಯೊಂದೇ ಸಾಲದು, ಚಿಂಗ್ ಅರಸರ ಭಾಷೆಯಾದ ಮಂಚುವಿನ ದಾಖಲೆಗಳನ್ನೂ ಓದಬೇಕು.

ಹವ್ಯಾಸಕ್ಕಾದರೆ ಮಿಂಗ್ ಸಾಕು. ಪಿಎಚ್‌ಡಿ ಯೋಚನೆಯಿದ್ದರೆ ನನ್ನ ಮತ ಚಿಂಗ್‌ಗೆ. ಮಂಚು ಕಲಿತವರು ಕಡಿಮೆ, ಬೀಜಿಂಗ್‌ನ ದಾಖಲೆ ಭಂಡಾರದಲ್ಲಿ ಕೆಲಸ ಬೇಕಾದಷ್ಟಿದೆ.