ವಿಶ್ವ ಚಾಂಪಿಯನ್‌ಶಿಪ್ಪೋ, ನೇಷನ್ಸ್ ಲೀಗೋ?

ದಾವಣಗೆರೆಯ ಹಾಸ್ಟೆಲ್‌ನಲ್ಲಿರುವ ನಮ್ಮಕ್ಕನ ಮಗಳು ಕಾಲೇಜು ವಾಲಿಬಾಲ್ ತಂಡದಲ್ಲಿ ಲಿಬೆರೊ, ಅಂದರೆ ಹಿಂದಿನ ಸಾಲಲ್ಲಿ ನಿಂತು ಚೆಂಡು ಎತ್ತುವ ರಕ್ಷಣಾ ಆಟಗಾರ್ತಿ. ಮೊನ್ನೆ ಬೆಣ್ಣೆ ದೋಸೆ ತಿನ್ನುತ್ತಾ ಕೇಳಿದಳು: "ಚಿಕ್ಕಮ್ಮ, ಓದೋದು ಜಾಸ್ತಿ ಇದೆ. ಒಂದೇ ಟೂರ್ನಿ ನೋಡೋಕಾಗೋದು. ಯಾವುದು ನೋಡಲಿ?"

ಎದೆ ಢವಢವ ಅನ್ನಬೇಕು ಅಂದರೆ ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್. 1952ರಿಂದ ನಡೆಯುತ್ತಿದೆ. ಮೊದಲು ನಾಲ್ಕು ವರ್ಷಕ್ಕೊಮ್ಮೆ ಬರುತ್ತಿತ್ತು, ಈಗ ಎರಡು ವರ್ಷಕ್ಕೊಮ್ಮೆ. 2025ರಲ್ಲಿ ಥಾಯ್ಲೆಂಡ್‌ನಲ್ಲಿ 32 ತಂಡಗಳು ಆಡಿದವು. ನಾಲ್ಕು ನಾಲ್ಕು ತಂಡಗಳ ಎಂಟು ಗುಂಪು, ಪ್ರತಿ ಗುಂಪಿನಿಂದ ಎರಡು ತಂಡ ಮುಂದಕ್ಕೆ. ಅಲ್ಲಿಂದಾಚೆ ಸೋತರೆ ಕಪ್ಪಿನ ಆಸೆ ಬಿಟ್ಟಂತೆ. ಫೈನಲ್‌ನಲ್ಲಿ ಇಟಲಿ ಟರ್ಕಿಯನ್ನು 3-2ರಿಂದ ಸೋಲಿಸಿತು. ಐದನೇ ಸೆಟ್ 15 ಪಾಯಿಂಟಿನದು, ಅಲ್ವಾ? ಎರಡು ಸರ್ವ್ ನೆಟ್ಟಿಗೆ ಹೊಡೆದರೂ ಪಂದ್ಯ ಕೈಜಾರುತ್ತದೆ.

ನೇಷನ್ಸ್ ಲೀಗ್ 2018ರಲ್ಲಿ ಶುರುವಾಯಿತು. ಬೇಸಿಗೆ ರಜೆ ಮುಗಿದ ಮೇಲೆ ಬರುತ್ತದೆ. 2025ರಲ್ಲಿ 18 ತಂಡಗಳು, ಮೂರು ವಾರದಲ್ಲಿ ಒಂದೊಂದಕ್ಕೂ 12 ಪಂದ್ಯ. ಎಂಟು ತಂಡ ಕೊನೆಯ ಹಂತಕ್ಕೆ. ಗೆದ್ದಿದ್ದು ಇಲ್ಲೂ ಇಟಲಿಯೇ. ಎಲ್ಲಾ ಪಂದ್ಯ ನೋಡಲು ಹೋದರೆ ಪರೀಕ್ಷೆ ಗೋವಿಂದ!

ಭಾರತ ತಂಡ ಆ ವರ್ಷ ಎರಡರಲ್ಲೂ ಇರಲಿಲ್ಲ. ಆ ಬೇಜಾರು ಪಕ್ಕಕ್ಕಿಡೋಣ.

ನಾನಂತೂ ಅವಳಿಗೆ ಲೀಗನ್ನೇ ಹೇಳಿದೆ. ಒಂದೇ ತಂಡವನ್ನು ಮತ್ತೆ ಮತ್ತೆ ನೋಡಬಹುದು. ಇಟಲಿಯ ಲಿಬೆರೊ ಎಲ್ಲಿ ನಿಲ್ಲುತ್ತಾಳೆ, ಅಷ್ಟು ನೋಡು ಸಾಕು. ಚೆಂಡನ್ನು ಆಮೇಲೆ ನೋಡಿದರಾಯಿತು.