ಹೂದೋಟದ ಕಸೂತಿಗೆ ‘ಮ್ಯಾಜಿಕ್ ಪೆನ್’ ಹಿಡಿಯುವ ಮುನ್ನ

16 ಇಂಚಿನ ಬಿಳಿ ಕಾಟನ್ ಕುಶನ್ ಕವರ್. ಅದರ ಮೇಲೆ ಎಲ್ಲೂ ಇಲ್ಲದ ಒಂದು ತೋಟ: ಸ್ಯಾಟಿನ್ ಹೊಲಿಗೆಯ ದಾಸವಾಳ, ಲೇಜಿ ಡೈಸಿ ಹೊಲಿಗೆಯ ಎಲೆಗಳು, ಫ್ರೆಂಚ್ ನಾಟ್ ಎಂಬ ಪುಟ್ಟ ದಾರದ ಗಂಟುಗಳ ಗೊಂಚಲು. ಚಿತ್ರ ಬರೆದುಕೊಂಡದ್ದು ಆಮೇಲೆ ಗೀಟು ಮಾಯವಾಗುವ ‘ಮ್ಯಾಜಿಕ್ ಪೆನ್’ನಲ್ಲಿ. ಹೊಲಿಗೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಕೊನೆಗೆ ಗೀಟು ಹೋಗಲಿ ಎಂದು ಇಸ್ತ್ರಿ ಒತ್ತಿದ್ದೇ ತಡ, ನೀಲಿ ಗೀಟುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಬಟ್ಟೆಗೆ ಕಚ್ಚಿಕೊಂಡವು. ಎಷ್ಟು ತೊಳೆದರೂ ಹೋಗಲಿಲ್ಲ. ‘ಬಿಸಿ ತಾಗಿಸಿದರೆ ಮಾಯ’ ಎಂದು ಅಂಗಡಿಯಲ್ಲಿ ಕೊಟ್ಟದ್ದು ನೀರಿಗೆ ಹೋಗುವ ಪೆನ್ನು!

ಧಾರವಾಡದ ಕಸೂತಿಯಲ್ಲಿ ಈ ಗೋಳಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಅದರ ಹೊಲಿಗೆಗಳೆಲ್ಲವನ್ನೂ ಎಳೆ ಎಣಿಸಿಯೇ ಹಾಕುತ್ತಾರೆ, ಬಟ್ಟೆಯ ಮೇಲೆ ಗೀಟು ಎಳೆಯುವುದಿಲ್ಲ. ಮನಸ್ಸಿಗೆ ಬಂದಂತೆ ತೋಟ ಬಿಡಿಸುವಾಗ ಹಾಗಲ್ಲ. ಬಳ್ಳಿಯನ್ನು ಎಡಕ್ಕೆ ಎಳೆದು, ಬೇಡವೆನಿಸಿ ಬಲಕ್ಕೆ ತಿರುಗಿಸುತ್ತೇವೆ. ದಾರದಡಿ ಮುಚ್ಚಿಹೋಗದ ಗೀಟುಗಳು ಅಲ್ಲಲ್ಲಿ ಉಳಿದೇ ಉಳಿಯುತ್ತವೆ.

ನೀಲಿ ಪೆನ್ನು ನೀರಿಗೆ ಹೋಗುವಂಥದ್ದು. ಅದಕ್ಕೆ ತಣ್ಣೀರು ಮಾತ್ರ. ಸೋಪು, ಬಿಸಿನೀರು, ಇಸ್ತ್ರಿ ಯಾವುದೂ ಮೊದಲು ತಾಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಸಾಲದು: ಬಣ್ಣ ಒಳಗೆ ಇಳಿದು ಕೂತು, ಒಣಗುವಾಗ ಮತ್ತೆ ಮೇಲೇಳುತ್ತದೆ. ಇಡೀ ಬಟ್ಟೆ ಮುಳುಗುವಂತೆ ನೆನೆಸಿ, ನೀರು ಬದಲಿಸುತ್ತಾ ಹೋಗಿ. ನೇರಳೆ ಪೆನ್ನಿನ ಗೀಟು ಗಾಳಿಗೇ ಆರಿಹೋಗುತ್ತದೆ. ಕೆಲವು ಗಂಟೆಯಲ್ಲೇ ಮಾಯವಾಗಬಹುದು, ವಾರಗಟ್ಟಲೆಯ ಕೆಲಸಕ್ಕೆ ಆಗಿಬರುವುದಿಲ್ಲ.

ನಿಜವಾಗಿ ಬಿಸಿಗೆ ಹೋಗುವ ಪೆನ್ನು ಇನ್ನೂ ಮೋಸ. ಸುಮಾರು 60 ಡಿಗ್ರಿಗೆ ಶಾಯಿಯ ಬಣ್ಣ ಕಾಣದಾಗುತ್ತದೆ, ಶಾಯಿ ಮಾತ್ರ ಬಟ್ಟೆಯಲ್ಲೇ ಇರುತ್ತದೆ. ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿನ ಚಳಿಗೆ ಆ ಗೀಟು ಮರಳಿ ಬರುತ್ತದೆ. ಬೆಂಗಳೂರಿನಲ್ಲಿ ಇದು ಗೊತ್ತೇ ಆಗದು. ಅಮೆರಿಕ, ಕೆನಡಾದ ಬಂಧುಗಳಿಗೆ ಉಡುಗೊರೆ ಕಳಿಸುವವರು ದಯವಿಟ್ಟು ಗಮನಿಸಿ. ಗಾಢ ಬಣ್ಣದ ಬಟ್ಟೆಯಲ್ಲಂತೂ ಇಸ್ತ್ರಿಯ ನಂತರವೂ ಬಿಳಿಚಿದ ಗುರುತು ಉಳಿಯಬಹುದು.

ಆದ್ದರಿಂದ ಅದೇ ಬಟ್ಟೆಯ 4 ಇಂಚಿನ ತುಂಡಿನಲ್ಲಿ ಗೀಟೆಳೆದು ಒಂದು ವಾರ ಬಿಡಿ. ಆಮೇಲೆ ಅರ್ಧ ಕತ್ತರಿಸಿ ತಣ್ಣೀರಿಗೆ ಹಾಕಿ. ಇನ್ನರ್ಧಕ್ಕೆ ಇಸ್ತ್ರಿ ಒತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಕೆಂಪು ದಾರದ ನಾಲ್ಕು ಹೊಲಿಗೆ ಅದರಲ್ಲೇ ಹಾಕಿಬಿಟ್ಟರೆ ದಾರ ಬಣ್ಣ ಬಿಡುತ್ತದೆಯೇ ಎಂಬುದೂ ತಿಳಿಯುತ್ತದೆ. ಗಂಜಿಯಿರುವ ಹೊಸ ಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಿ, ಇಲ್ಲದಿದ್ದರೆ ತೊಳೆದಾಗ ಕುಗ್ಗಿ ಹೂವಿನ ಸುತ್ತ ಸುಕ್ಕು ಬೀಳುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ, ತೋಟವನ್ನು ಕಾಗದದ ಮೇಲೆಯೇ ಬೆಳೆಸುವುದು. ಬಳ್ಳಿ ಎತ್ತ ಬಾಗಬೇಕೆಂದು ಅಲ್ಲೇ ಅಳಿಸಿ ಬರೆದು ನಿರ್ಧರಿಸಿ. ದಾರದಡಿ ಮುಚ್ಚುವ ಗೀಟನ್ನಷ್ಟೇ ಚೂಪಾದ ಪೆನ್ಸಿಲ್ಲಿನಲ್ಲಿ ತೆಳ್ಳಗೆ ಬಟ್ಟೆಗೆ ಇಳಿಸಿ. ಕೊನೆಯ ಇಸ್ತ್ರಿಯನ್ನು ದಪ್ಪ ಟವೆಲ್ ಮೇಲೆ ಬಟ್ಟೆ ಮಗುಚಿ ಹಾಕಿ ಹಿಂಬದಿಯಿಂದ ಮಾಡಿ, ನಾಟ್‌ಗಳು ಅಪ್ಪಚ್ಚಿಯಾಗುವುದಿಲ್ಲ.