ಗೋಣಿಚೀಲ, ಗುಡ್ಡೆ, ಶೀತಲಗೃಹ, ಅಟ್ಟಣೆ: ಕಿತ್ತ ಆಲೂಗೆಡ್ಡೆಯನ್ನು ಎಲ್ಲಿಡುವುದು?

ಕಳೆದ ಮೂರು ಮುಂಗಾರುಗಳಲ್ಲಿ ಆಲೂಗೆಡ್ಡೆಯನ್ನು ನಾಲ್ಕು ಬಗೆಯಲ್ಲಿ ಇಟ್ಟು ನೋಡಿದ್ದೇನೆ. ಈಗ ನಮ್ಮ ಗೆಡ್ಡೆಯೆಲ್ಲ ಹಿತ್ತಿಲ ಕೊಠಡಿಯ ಬಿದಿರಿನ ಅಟ್ಟಣೆಯ ಮೇಲಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮುಚ್ಚಿಟ್ಟುಕೊಂಡು ಬರೆಯಲು ನನಗೆ ಬಾರದು. ಇದೆಲ್ಲ ಶುರುವಾದದ್ದು ಒಂದು ನಷ್ಟದಿಂದ. ಸೆಪ್ಟೆಂಬರಿನಲ್ಲಿ ದರ ಬಿದ್ದಿದೆಯೆಂದು ಮಾರದೆ ಉಳಿಸಿಕೊಂಡ ಇಪ್ಪತ್ತು ಮೂಟೆಗಳನ್ನು ಪಡಸಾಲೆಯ ಮೂಲೆಯಲ್ಲಿ ಐದೈದರಂತೆ ಒಟ್ಟಿದ್ದೆ. ದೀಪಾವಳಿಗೆ ಮನೆ ಸಾರಿಸಲು ಅವುಗಳನ್ನು ಸರಿಸಿದಾಗ ಕೆಳಸಾಲಿನ ಚೀಲಗಳು ಕಂದು ನೀರು ಬಿಟ್ಟು ನೆಲಕ್ಕೆ ಅಂಟಿಕೊಂಡಿದ್ದವು. ಒಂದನ್ನು ಎತ್ತಿದರೆ ತಳ ನೆಲದಲ್ಲೇ ಉಳಿದು ಗೋಣಿ ಮಾತ್ರ ಕೈಗೆ ಬಂತು. ಮೂಟೆಗೆ ಐವತ್ತು ಕೆ.ಜಿ.ಯ ಲೆಕ್ಕದಲ್ಲಿ ಆರು ಮೂಟೆಯಷ್ಟು ಗೆಡ್ಡೆ ಅಂದು ತಿಪ್ಪೆಗೆ ಹೋಯಿತು. ಗೋಣಿಚೀಲದ ವಿಷಯ ಇಷ್ಟಕ್ಕೇ ಸಾಕು. ಮಂಡಿಗೆ ಸಾಗಿಸಲು ಅದು ಚೆನ್ನ, ಇಡಲು ಅಲ್ಲ.

ಹಾಸನದ ಕಡೆಯ ನಮ್ಮ ಬೆಳೆಯ ಹಂಗಾಮನ್ನು ಇಲ್ಲಿ ಹೇಳದಿದ್ದರೆ ಮುಂದಿನ ಮಾತು ಬೇರೆ ಸೀಮೆಯವರಿಗೆ ಹೊಂದಲಾರದು. ಉತ್ತರ ಭಾರತದ ಬಯಲಿನಲ್ಲಿ ಚಳಿಗಾಲದ ಬೆಳೆಯನ್ನು ಫೆಬ್ರುವರಿ, ಮಾರ್ಚ್ ಹೊತ್ತಿಗೆ ಒಣ ಹವೆಯಲ್ಲಿ ಕೀಳುತ್ತಾರೆ, ಅದರ ಬೆನ್ನಿಗೇ ಕಡು ಬೇಸಿಗೆ ಬರುವುದರಿಂದ ಅಲ್ಲಿ ಶೀತಲಗೃಹವಿಲ್ಲದೆ ನಡೆಯುವುದಿಲ್ಲ. ನಾವು ಮೇ, ಜೂನ್‌ನಲ್ಲಿ ನೆಟ್ಟ ಕುಫ್ರಿ ಜ್ಯೋತಿ ತಳಿಯನ್ನು 90ರಿಂದ 100 ದಿನಕ್ಕೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನೊಳಗೆ, ಮಳೆ ಬಿಡುವು ಕೊಟ್ಟ ದಿನ ನೋಡಿ ಕೀಳುತ್ತೇವೆ. ಗೆಡ್ಡೆ ಕೆಸರು ಮೆತ್ತಿಕೊಂಡು ಒದ್ದೆಯಾಗಿಯೇ ಮನೆಗೆ ಬರುತ್ತದೆ, ಆದರೆ ಅದರ ಮುಂದಿರುವುದು ಚಳಿಗಾಲ. ಆದ್ದರಿಂದ ನಮಗೆ ಬೇಕಾದದ್ದು ಒದ್ದೆಯನ್ನು ಹೊರಗೆ ಹಾಕಿ ರಾತ್ರಿಯ ತಂಪನ್ನು ಒಳಗೆ ಬಿಟ್ಟುಕೊಳ್ಳುವ ವ್ಯವಸ್ಥೆ.

ಎಲ್ಲಿಟ್ಟರೂ ತಪ್ಪಿಸಬಾರದ ಕೆಲಸವೆಂದರೆ ಸಿಪ್ಪೆ ಬಲಿಯಿಸುವುದು. ಕೀಳುವ ಹತ್ತು, ಹದಿನೈದು ದಿನ ಮೊದಲು ಗಿಡದ ಸೊಪ್ಪನ್ನು ಕೊಯ್ದುಬಿಡಬೇಕು. ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ಉಜ್ಜಿದಾಗ ಸಿಪ್ಪೆ ಜಾರಿ ಸುಲಿದರೆ ಅದಿನ್ನೂ ಎಳಸು. ಕಿತ್ತ ಮೇಲೆ ತೊಳೆಯದೆ, ಮಣ್ಣು ಒಣಗಿ ಉದುರುವವರೆಗೆ ನೆರಳಿನಲ್ಲಿ ತೆಳ್ಳಗೆ ಹರಡಿ, ಹತ್ತರಿಂದ ಹದಿನೈದು ದಿನ ಬಿಟ್ಟರೆ ಗುದ್ದಲಿ ತಾಗಿದ ಸಣ್ಣ ಗಾಯಗಳು ತಾವೇ ಬಿರಡೆಯಂಥ ಪದರ ಕಟ್ಟಿಕೊಳ್ಳುತ್ತವೆ. ಚೀಲದಲ್ಲಿ ತುಂಬಿದ ವರ್ಷ ನಾನು ಇದನ್ನು ಎರಡೇ ದಿನಕ್ಕೆ ಮುಗಿಸಿದ್ದೆ. ಹಾಗಾಗಿ ಆ ನಷ್ಟದಲ್ಲಿ ಗೋಣಿಯ ಪಾಲೆಷ್ಟು, ನನ್ನ ಅವಸರದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾರೆ.

ಮರುವರ್ಷ ನಮ್ಮ ತಾಯಿ ತಮ್ಮ ತವರಿನಲ್ಲಿ ಕಂಡಿದ್ದ ಕ್ರಮವನ್ನು ಹೇಳಿದರು. ಹೆಂಚಿನ ಮನೆಯ ಕತ್ತಲೆ ಕೋಣೆಯಲ್ಲಿ ನೆಲಕ್ಕೆ ರಾಗಿ ಹುಲ್ಲು ಹಾಸಿ, ಅದರ ಮೇಲೆ ಗೆಡ್ಡೆ ಸುರಿದು, ಬೇವು ಅಥವಾ ಹೊಂಗೆ ಸೊಪ್ಪು ಮುಚ್ಚುವುದು. ಖರ್ಚು ಇಲ್ಲವೆಂದೇ ಹೇಳಬೇಕು, ಮತ್ತು ಗೋಣಿಚೀಲಕ್ಕಿಂತ ಇದು ಎಷ್ಟೋ ಮೇಲು. ಆದರೆ ಗುಡ್ಡೆ ಸೊಂಟದೆತ್ತರ ಮೀರಿದರೆ ನಡುವಿನ ಗೆಡ್ಡೆಗಳ ಉಸಿರಾಟದ ಬಿಸಿ ಹೊರಗೆ ಹೋಗುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿದರೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆರೆದಂತೆ ಬೆಚ್ಚಗಿನ ಹಬೆ ತಾಗುತ್ತಿತ್ತು. ಅಂಥ ಜಾಗದಲ್ಲಿ ಗಾಳಿ ಸಾಲದೆ ಕೆಲವು ಗೆಡ್ಡೆಗಳ ಒಡಲು ಕಪ್ಪಾಗುತ್ತದೆ, ಹೊರಗೆ ಗುರುತೇ ಇರುವುದಿಲ್ಲ, ಹೆಚ್ಚಿದಾಗಲೇ ತಿಳಿಯುವುದು. ಗುಡ್ಡೆಯ ನಡುವೆ ತೂತು ಕೊರೆದ ಪಿ.ವಿ.ಸಿ. ಪೈಪನ್ನು ಹೊಗೆಗೂಡಿನಂತೆ ನಿಲ್ಲಿಸಿದ ಮೇಲೆ ಈ ತೊಂದರೆ ಬಹಳ ಕಡಿಮೆಯಾಯಿತು. ಉಳಿದ ದೋಷವೆಂದರೆ ಕೊಳೆತದ್ದನ್ನು ಹುಡುಕಲು ಇಡೀ ಗುಡ್ಡೆಯನ್ನು ಕೆದಕಬೇಕು, ಕೆದಕಿದಷ್ಟೂ ಗೆಡ್ಡೆ ಗಾಯಗೊಳ್ಳುತ್ತದೆ. ಇಲಿಯ ವಿಷಯ ಬೇರೆ ಹೇಳಬೇಕಾಗಿಲ್ಲ.

ಅದೇ ವರ್ಷ ಐದು ಮೂಟೆಯನ್ನು ಒಂದು ಶೀತಲಗೃಹಕ್ಕೆ ಹಾಕಿದ್ದೆ. ಗೆಡ್ಡೆ ಕೆಡಲಿಲ್ಲ, ಮೊಳಕೆಯೊಡೆಯಲಿಲ್ಲ, ತೂಕವೂ ಹೆಚ್ಚು ಇಳಿಯಲಿಲ್ಲ. ಈ ಮೂರರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅಲ್ಲಿನ ತಂಪನ್ನು ಬಿತ್ತನೆ ಗೆಡ್ಡೆಗೆ ತಕ್ಕಂತೆ 2ರಿಂದ 4 ಡಿಗ್ರಿಗೆ ಇಟ್ಟಿದ್ದರು. ಅಷ್ಟು ಚಳಿಯಲ್ಲಿ ಗೆಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ. ಮನೆಗೆ ತಂದ ದಿನವೇ ಮಾಡಿದ ಪಲ್ಯವನ್ನು ಬಾಯಿಗಿಟ್ಟ ತಾಯಿಯವರು "ಬೆಲ್ಲ ಯಾಕಪ್ಪ ಹಾಕಿಸ್ದೆ?" ಎಂದು ಕೇಳಿದರು. ಬಾಣಲೆಗೆ ಬಿಟ್ಟ ಚಿಪ್ಸ್ ಬೇಯುವ ಮೊದಲೇ ಕಂದಾಯಿತು. ಎರಡು, ಮೂರು ವಾರ ಹೊರಗಿನ ಹವೆಯಲ್ಲಿ ಬಿಟ್ಟರೆ ಸಿಹಿ ಬಹುಮಟ್ಟಿಗೆ ಇಳಿಯುತ್ತದೆ, ಆದರೆ ದರ ಏರಿದ ದಿನ ಮಾರಲೆಂದು ಇಟ್ಟವನಿಗೆ ಮೂರು ವಾರ ಕಾಯುವ ಪುರುಸೊತ್ತು ಎಲ್ಲಿಯದು? ತಂಪಿನಿಂದ ನೇರ ಬಿಸಿಲಿಗೆ ತಂದ ಗೆಡ್ಡೆ ಬೆವರುತ್ತದೆ, ಆ ಬೆವರು ಆರುವ ಮೊದಲು ಮೂಟೆ ಕಟ್ಟಿದರೆ ಕೊಳೆಯುತ್ತದೆ. ಬಾಡಿಗೆಯೂ ಮೂಟೆಗೆ ಇಡೀ ಹಂಗಾಮಿನ ಲೆಕ್ಕ, ಎರಡು ತಿಂಗಳಿಗೆ ತೆಗೆದರೂ ಅಷ್ಟೇ.

ಇನ್ನು ಅಟ್ಟಣೆ. ಆರು ಅಡಿ ಉದ್ದ, ಮೂರು ಅಡಿ ಅಗಲದ ಮೂರು ಅಂತಸ್ತು. ಬಿದಿರಿನ ದಬ್ಬೆಗಳ ನಡುವೆ ಹೆಬ್ಬೆರಳಷ್ಟು ಸಂದು. ಪ್ರತಿ ಅಂತಸ್ತಿನಲ್ಲಿ ಒಂದಡಿ ದಪ್ಪಕ್ಕೆ ಗೆಡ್ಡೆ. ಇಪ್ಪತ್ತು ಮೂಟೆ ಇದರಲ್ಲಿ ಹಿಡಿಯುತ್ತದೆ. ಬಿದಿರು, ತಂತಿ, ಎರಡು ದಿನದ ಆಳು ಸೇರಿ ಏಳು ಸಾವಿರದೊಳಗೆ ಮುಗಿಯಿತು. ಎಲ್ಲ ಗೆಡ್ಡೆಯೂ ಕಣ್ಣಿಗೆ ಕಾಣುವುದರಿಂದ ವಾರಕ್ಕೊಮ್ಮೆ ನೋಡಿ ಮೆತ್ತಗಾದದ್ದನ್ನು ಆರಿಸಿ ತೆಗೆಯುವುದು ಅರ್ಧ ಗಂಟೆಯ ಕೆಲಸ.

ಆದರೆ ಕಿಟಕಿ ನನ್ನನ್ನು ಇಡೀ ಒಂದು ಹಂಗಾಮು ಕಾಡಿತು. ಕೊಠಡಿಗೆ ಉತ್ತರಕ್ಕೆ ಒಂದೇ ಕಿಟಕಿ. ಗಾಳಿ ಬೇಕೆಂದು ಹಗಲು ರಾತ್ರಿ ತೆರೆದಿಟ್ಟೆ. ಮೂರು ವಾರಕ್ಕೆ ಎದುರು ಸಾಲಿನ ಗೆಡ್ಡೆಗಳ ಕಿಟಕಿಯ ಕಡೆಯ ಮುಖವೆಲ್ಲ ಹಸಿರು. ತಿರುಗಿಸಿ ನೋಡಿದರೆ ಹಿಂಬದಿ ಎಂದಿನ ಬಣ್ಣದ್ದೇ, ಬಣ್ಣದಲ್ಲಿ ಅರ್ಧ ಅದ್ದಿ ತೆಗೆದಂತೆ. ಆ ಹಸಿರಿನಿಂದ ಅಪಾಯವಿಲ್ಲ, ಆದರೆ ಅದರ ಜೊತೆಗೆ ಸೋಲನಿನ್ ಎಂಬ ಕಹಿ ವಿಷವೂ ಹೆಚ್ಚುತ್ತದೆ ಮತ್ತು ಅದು ಬೇಯಿಸಿದರೆ ಹೋಗುವಂಥದ್ದಲ್ಲ. ದನಕ್ಕೂ ಹಾಕುವಂತಿಲ್ಲ.

ಸರಿ, ಬೆಳಕು ಬೇಡವೆಂದು ಕಿಟಕಿಗೆ ಎರಡು ಪದರದ ಗೋಣಿತಾಟು ಇಳಿಬಿಟ್ಟೆ. ಬೆಳಕಿನ ಜೊತೆಗೆ ಗಾಳಿಯೂ ನಿಂತಿತು. ಬೆಳಿಗ್ಗೆ ಬಾಗಿಲು ತೆರೆದರೆ ಗೋಡೆಯ ಮೇಲೆ ಹನಿ ಕಟ್ಟಿರುತ್ತಿತ್ತು. ತಾಟನ್ನು ರಾತ್ರಿ ಎತ್ತಿ ಹಗಲು ಇಳಿಸಲು ಶುರುಮಾಡಿದಾಗ ಮೂರನೆಯ ಅತಿಥಿ ಬಂತು. ಬೂದು ಬಣ್ಣದ, ಅಕ್ಕಿಕಾಳಿಗಿಂತ ತುಸು ಉದ್ದನೆಯ ಗೆಡ್ಡೆ ಪತಂಗಗಳು ಸಂಜೆಯಾದೊಡನೆ ಅಟ್ಟಣೆಯ ಸುತ್ತ ಹಾರಾಡತೊಡಗಿದವು. ಅವು ಗೆಡ್ಡೆಯ ಕಣ್ಣಿನ ಬಳಿ ಮೊಟ್ಟೆಯಿಡುತ್ತವೆ, ಮರಿಹುಳು ಒಳಗೆ ಕೊರೆದುಕೊಂಡು ಹೋಗುತ್ತದೆ, ಕಣ್ಣಿನ ಬಾಯಲ್ಲಿ ಕರಿಪುಡಿಯಂಥ ಹಿಕ್ಕೆ ಕಂಡರೆ ಆ ಗೆಡ್ಡೆಯ ಕಥೆ ಮುಗಿಯಿತೆಂದೇ ತಿಳಿಯಬೇಕು. ಕಿಟಕಿಗೆ ಸೊಳ್ಳೆಪರದೆ ಹೊಡೆದೆ. ಹದಿನೈದು ದಿನಕ್ಕೆ ಪಕ್ಕದ ಬಣವೆಯ ಹುಲ್ಲಿನ ಧೂಳು ಪರದೆಗೆ ಮೆತ್ತಿ ಮತ್ತೆ ಗಾಳಿ ಕಟ್ಟಿತು. ಬೆಳಕು ಬಾರದಂತೆ, ಹುಳು ನುಗ್ಗದಂತೆ, ಗಾಳಿ ಮಾತ್ರ ಆಡುವಂತೆ ಒಂದು ಕಿಟಕಿಯನ್ನು ಒಪ್ಪಿಸುವುದು ಇಷ್ಟು ಕಷ್ಟವೆಂದು ಅಟ್ಟಣೆಯನ್ನು ಶಿಫಾರಸು ಮಾಡಿದವರು ಯಾರೂ ಹೇಳಿರಲಿಲ್ಲ.

ಕೊನೆಗೆ ದಾರಿಯಾದದ್ದು ಹೀಗೆ. ಕಿಟಕಿಯ ಹೊರಗೆ ಬಚ್ಚಲ ಮಾಡಿನಂತೆ ಇಳಿಜಾರಾಗಿ, ಎರಡೂ ಪಕ್ಕ ಮುಚ್ಚಿದ ತಗಡಿನ ಮರೆ ಕಟ್ಟಿಸಿ, ಅದರ ಒಳಮೈಗೆ ಕಪ್ಪು ಬಣ್ಣ ಹೊಡೆಸಿದೆ. ಗಾಳಿ ಕೆಳಗಿನಿಂದ ಏರಿ ಬರುತ್ತದೆ, ಬೆಳಕು ಮರೆಯಲ್ಲೇ ಸಾಯುತ್ತದೆ. ಸೊಳ್ಳೆಪರದೆಯನ್ನು ಮೊಳೆಯ ಬದಲು ಬಿಚ್ಚಿ ಕೊಡವಲು ಬರುವ ಚೌಕಟ್ಟಿಗೆ ಹೊಡೆದೆ. ಎದುರು ಗೋಡೆಯಲ್ಲಿ ಹೆಂಚಿನ ಕೆಳಗೆ ಅಂಗೈಯಗಲದ ಎರಡು ಕಿಂಡಿ ತೆಗೆಸಿ ಅವಕ್ಕೂ ಪರದೆ ಹಾಕಿಸಿದೆ, ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ನೆರಳಿನಲ್ಲಿ ಒಣಗಿಸಿದ ಲಂಟಾನ ಎಲೆಯನ್ನು ಗೆಡ್ಡೆಯ ಅಡಿಗೂ ಮೇಲಕ್ಕೂ ಎರಡು ಬೆರಳು ದಪ್ಪಕ್ಕೆ ಹಾಸುತ್ತೇನೆ. ಪತಂಗವನ್ನು ದೂರವಿಡಲು ಈ ಎಲೆ ನಿಜವಾಗಿಯೂ ಕೆಲಸ ಮಾಡುತ್ತದೆ, ಹಸಿಯಾಗಿ ಮಾತ್ರ ಹಾಕಬಾರದು, ಅದರ ನೀರೇ ಗೆಡ್ಡೆಗೆ ಕುತ್ತು. ಹೊಲದ ಬೇಲಿಯ ಈ ಪೀಡೆಗೆ ನನ್ನಿಂದ ಇಷ್ಟಾದರೂ ಮರ್ಯಾದೆ ಸಿಕ್ಕಿತು.

ಅಟ್ಟಣೆಯೂ ತೂಕವನ್ನು ಹಿಡಿದಿಡುವುದಿಲ್ಲ. ಗುರುತಿಗೆಂದು ಇಟ್ಟ ಹತ್ತು ಕೆ.ಜಿ. ಬುಟ್ಟಿ ಡಿಸೆಂಬರ್ ಕೊನೆಗೆ ಒಂಬತ್ತೂಕಾಲಿಗೆ ಇಳಿದಿತ್ತು. ನವೆಂಬರ್ ಮುಗಿಯುತ್ತಿದ್ದಂತೆ ಕಣ್ಣು ಬಿಡಲು ತೊಡಗುತ್ತದೆ, ಜನವರಿಯಲ್ಲಿ ಸಿಪ್ಪೆ ಸುಕ್ಕಾಗುತ್ತದೆ. ಆದ್ದರಿಂದ ಇದು ಎರಡೂವರೆ, ಹೆಚ್ಚೆಂದರೆ ಮೂರು ತಿಂಗಳ ವ್ಯವಸ್ಥೆ. ಬಿತ್ತನೆಗೆ ಇಡುವವರಿಗೆ ಈ ಕತ್ತಲೆಯೇ ಬೇಡ. ಬಿತ್ತನೆ ಗೆಡ್ಡೆಗೆ ನೇರ ಬಿಸಿಲಲ್ಲದ ಮಂದ ಬೆಳಕು ಬಿದ್ದರೆ ಮೊಳಕೆ ಗಿಡ್ಡಗೆ, ಗಟ್ಟಿಯಾಗಿ ಬರುತ್ತದೆ. ನಾನಂತೂ ಬಿತ್ತನೆಯನ್ನು ಎಲ್ಲರಂತೆ ಪಂಜಾಬಿನಿಂದ ಬಂದದ್ದನ್ನೇ ಕೊಳ್ಳುವವನು.

ನೂರಾರು ಮೂಟೆ ಬೆಳೆದು ಫೆಬ್ರುವರಿವರೆಗೆ ಕಾಯುವ ಶಕ್ತಿಯಿರುವವರು ಶೀತಲಗೃಹಕ್ಕೇ ಹೋಗಲಿ, ಹೋಗುವ ಮುನ್ನ ಎಷ್ಟು ಡಿಗ್ರಿಯಲ್ಲಿ ಇಡುತ್ತಾರೆಂದು ಕೇಳಿಕೊಳ್ಳಲಿ. ಹತ್ತು ಮೂಟೆಗಿಂತ ಕಡಿಮೆಯಿದ್ದರೆ ಪೈಪ್ ನಿಲ್ಲಿಸಿದ ಗುಡ್ಡೆಯೇ ಸಾಕು. ನಡುವಿನ ನನ್ನಂಥವರಿಗೆ ಅಟ್ಟಣೆ. ಅದರ ಕಿಟಕಿಯನ್ನು ರಾತ್ರಿ ಊಟವಾದ ಮೇಲೆ ತೆರೆದು, ಹಗಲಿನ ಬಿಸಿಗಾಳಿ ನುಗ್ಗದಂತೆ ಬೆಳಿಗ್ಗೆ ಮುಚ್ಚಲೇಬೇಕು. ಹಾಲು ಕರೆಯಲು ಐದೂವರೆಗೆ ಏಳುವ ನನಗೆ ಅದೊಂದು ಕೆಲಸವೆಂದು ಅನ್ನಿಸುವುದಿಲ್ಲ. ಮದುವೆ ಮುಂಜಿಗೆಂದು ಊರು ಬಿಡುವ ದಿನಗಳಲ್ಲಿ ಮಾತ್ರ ಕೊಠಡಿಯ ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಇರುತ್ತದೆ.